ಲುಕ್ಲಾ ವಿಮಾನ: ನಕ್ಷೆಯ ದೂರ ನಂಬಿ ಟಿಕೆಟ್ ಕೊಳ್ಳಬೇಡಿ

ಪ್ರಶ್ನೆ: ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣ ಮುಗಿಸಿ ಲುಕ್ಲಾದಿಂದ ರಾಮೇಛಾಪ್‌ಗೆ ವಿಮಾನದಲ್ಲಿ ಮರಳುತ್ತೇವೆ. ದೂರ 74 ಕಿ.ಮೀ., ಹಾರಾಟ 20 ನಿಮಿಷ ಎಂದು ತಿಳಿಯಿತು. ಅದೇ ಸಂಜೆ ಕಠ್ಮಂಡುವಿನಿಂದ ದೆಹಲಿ ಮೂಲಕ ಬೆಂಗಳೂರಿಗೆ ಟಿಕೆಟ್ ಕಾಯ್ದಿರಿಸಬಹುದೇ? (ದಾವಣಗೆರೆಯ ಓದುಗರು)

ಖಂಡಿತ ಬೇಡ. ಚಾರಣದ ಹಂಗಾಮು ಬಂತೆಂದರೆ ಈ ಪ್ರಶ್ನೆ ಬರುತ್ತದೆ. ಅರ್ಧ ಜನ ಟಿಕೆಟ್ ಕೊಂಡಾದ ಮೇಲೆ ಕೇಳುತ್ತಾರೆ. ಅದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

74 ಕಿ.ಮೀ. ಸರಿ. ಟ್ವಿನ್ ಆಟರ್‌ನಂಥ ಪುಟ್ಟ ವಿಮಾನಕ್ಕೆ 20 ನಿಮಿಷವೂ ಸರಿ. ಆದರೆ ಅದು ಚಕ್ರ ನೆಲ ಬಿಟ್ಟ ಮೇಲಿನ ಲೆಕ್ಕ. ಲುಕ್ಲಾದ ರನ್‌ವೇ ಉದ್ದ ಬರೀ 527 ಮೀಟರ್, ಅದೂ ಶೇ 11ಕ್ಕಿಂತ ಹೆಚ್ಚು ಇಳಿಜಾರು. ಮೇಲ್ತುದಿಯಲ್ಲಿ ಬೆಟ್ಟ, ಕೆಳತುದಿಯಲ್ಲಿ ಕಣಿವೆ. ಹೀಗಾಗಿ ಇಳಿಯುವುದು ಏರುಮುಖವಾಗಿ, ಹಾರುವುದು ಇಳಿಮುಖವಾಗಿ. ಬೇರೆ ದಾರಿ ಇಲ್ಲ. ಇಳಿಯುವಾಗ ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿ ಮತ್ತೆ ಮೇಲೇರುವ ಅವಕಾಶವೂ ಇಲ್ಲ. 2,845 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಪಾಲು ಮಾತ್ರ, ಆದ್ದರಿಂದ ನೆಲ ಮುಟ್ಟುವ ವೇಗವೂ ಹೆಚ್ಚು. ಪೈಲಟ್ ರನ್‌ವೇಯನ್ನು ಕಣ್ಣಾರೆ ಕಂಡೇ ಇಳಿಯಬೇಕು. ಬಿಸಿಲೇರಿದಂತೆ ಕಣಿವೆಯ ಗಾಳಿ ಮೇಲಕ್ಕೆ ಬೀಸುತ್ತದೆ. ಇಳಿಯುವ ವಿಮಾನಕ್ಕೆ ಅದು ಬೆನ್ನಗಾಳಿ, ಗಿಡ್ಡ ರನ್‌ವೇಯಲ್ಲಿ ಅತಿ ಅಪಾಯಕಾರಿ. ಆದ್ದರಿಂದಲೇ ಹಾರಾಟವೆಲ್ಲ ಹೆಚ್ಚಾಗಿ ಬೆಳಗಿನಲ್ಲೇ. ನಿಮ್ಮನ್ನು ಒಯ್ಯಬೇಕಾದ ವಿಮಾನ ಮೊದಲು ಮೇಲೆ ಬಂದು ಇಳಿಯಬೇಕು, ಅದು ಬಾರದಿದ್ದರೆ ನೀವು ಅಲ್ಲೇ.

ಫ್ಲೈಟ್ ಡಿಸ್ಪ್ಯಾಚ್ ಕೆಲಸದಲ್ಲಿ, ಅಂದರೆ ವಿಮಾನಗಳ ಹಾರಾಟದ ಯೋಜನೆ ಹಾಕುವುದರಲ್ಲಿ, ಆಯುಷ್ಯ ಕಳೆದ ನಾನೇ ಅಲ್ಲಿ ಎರಡು ದಿನ ಕಾದಿದ್ದೇನೆ. ಬೆಳಿಗ್ಗೆ ಆರಕ್ಕೆ ಚೀಲ ತೂಕಕ್ಕಿಟ್ಟೆವು. ಎದುರಿನ ಬೆಟ್ಟ ನಿಚ್ಚಳವಾಗಿತ್ತು. ಒಂಬತ್ತರ ಹೊತ್ತಿಗೆ ಕಣಿವೆಯಿಂದ ಮೋಡ ಹೊಗೆಯಂತೆ ಎದ್ದು ರನ್‌ವೇಯ ಕೆಳತುದಿಯನ್ನು ನುಂಗಿತು. ಅಂದಿನ ಹಾರಾಟ ಅಷ್ಟಕ್ಕೇ ಮುಗಿಯಿತು. ಮೂರನೆಯ ದಿನ ವಿಮಾನ ಬ್ರೇಕ್ ಹಿಡಿದು ನಿಂತು ಗುಡುಗುಟ್ಟಿ, ಬ್ರೇಕ್ ಬಿಟ್ಟೊಡನೆ ಇಳಿಜಾರಿನಲ್ಲಿ ನುಗ್ಗಿ ಕಣಿವೆಯ ಮೇಲೆ ತೇಲಿದಾಗಲೇ ನನಗೆ ಉಸಿರು ಬಂದದ್ದು.

ಇನ್ನು ರಾಮೇಛಾಪ್ ಎಂದರೆ ಕಠ್ಮಂಡು ಅಲ್ಲ. ಅಲ್ಲಿನ ಮಂಥಲಿ ನಿಲ್ದಾಣದಿಂದ ರಾಜಧಾನಿಗೆ ಘಟ್ಟದ ರಸ್ತೆಯಲ್ಲಿ ನಾಲ್ಕೈದು ತಾಸು ಬೇಕು. ಲುಕ್ಲಾ ಬಿಡುವ ದಿನಕ್ಕೂ ಬೆಂಗಳೂರಿನ ವಿಮಾನಕ್ಕೂ ನಡುವೆ ಎರಡು ದಿನವಾದರೂ ಖಾಲಿ ಇಡಿ. ನಾನಾದರೆ ಮೂರು ಇಡುತ್ತೇನೆ. ‘ಹವಾಮಾನ ಹೇಗಿದ್ದರೂ ಸೀಟು ಖಾತರಿ’ ಎಂದು ಹಣ ಕೀಳುವ ಏಜೆಂಟರನ್ನು ಬಾಗಿಲಲ್ಲೇ ನಿಲ್ಲಿಸಿ. ಮೋಡಕ್ಕೆ ಖಾತರಿ ಕೊಡುವವನು ಸುಳ್ಳುಗಾರ.

ಪ್ರಶ್ನೆ: ವಿಮಾನ ರದ್ದಾದರೆ ಹೆಲಿಕಾಪ್ಟರ್ ಇದ್ದೇ ಇರುತ್ತದಲ್ಲವೇ?

ಅದರ ಪೈಲಟ್‌ಗೂ ದಾರಿ ಕಾಣಬೇಕು.

ಪ್ರಶ್ನೆ: ಕರ್ಪೂರ ಮೂಸಿದರೆ ಲುಕ್ಲಾದಲ್ಲಿ ಉಸಿರಾಟ ಸಲೀಸಾಗುತ್ತದೆಯೇ?

ಇಲ್ಲ. ಕರ್ಪೂರದಿಂದ ರಕ್ತದ ಆಮ್ಲಜನಕ ಹೆಚ್ಚುವುದಿಲ್ಲ, ನುಂಗಿದರೆ ಅದು ವಿಷ. ಹೊರಡುವ ಮುನ್ನ ವೈದ್ಯರನ್ನು ಕಾಣಿ.

ಪ್ರಶ್ನೆ: ಹೋಗುವಾಗ ಯಾವ ಬದಿ ಕುಳಿತರೆ ಹಿಮಾಲಯ ಕಾಣುತ್ತದೆ?

ಎಡಬದಿ.