ಸಂಘದ ಜಾಲತಾಣಕ್ಕೆ ಸಂದೇಶ ಫಲಕ: ಮೂರು ಟೇಬಲ್ ಸಾಕು, ಅಕ್ಷರದ ಬಗ್ಗೆ ಎಚ್ಚರವಿರಲಿ

ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಸಂಘವೊಂದರ ಜಾಲತಾಣದಲ್ಲಿ ಸದಸ್ಯರು ಕನ್ನಡದಲ್ಲೇ ಬರೆಯುವಂಥ ಸಂದೇಶ ಫಲಕವನ್ನು ಪಿಎಚ್‌ಪಿ (ಜಾಲತಾಣದ ಪುಟಗಳನ್ನು ಸಿದ್ಧಪಡಿಸುವ ಪ್ರೋಗ್ರಾಮಿಂಗ್ ಭಾಷೆ) ಮತ್ತು ಮೈಎಸ್‌ಕ್ಯೂಎಲ್ (ಮಾಹಿತಿಯನ್ನು ಟೇಬಲ್‌ಗಳಲ್ಲಿ, ಅಂದರೆ ಕೋಷ್ಟಕಗಳಲ್ಲಿ, ಇಡುವ ಡೇಟಾಬೇಸ್) ಬಳಸಿ ಕಟ್ಟಬೇಕಾಗಿದೆ, ಎಷ್ಟು ಟೇಬಲ್ ಬೇಕು, ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಮೂಡಿಗೆರೆ ಕಡೆಯ ಬೆಳೆಗಾರರಿಗಾಗಿ ಇಂಥದ್ದೇ ಒಂದನ್ನು ನಾನು ಹಿಂದೆ ಕಟ್ಟಿದ್ದೆ.

ಸದಸ್ಯರಿಗೊಂದು, ವಿಷಯಗಳಿಗೊಂದು, ಸಂದೇಶಗಳಿಗೊಂದು, ಹೀಗೆ ಮೂರು ಟೇಬಲ್ ಸಾಕು. ಪ್ರತಿ ಸಂದೇಶದ ಜೊತೆ ವಿಷಯದ ಐಡಿ, ಬರೆದವರ ಐಡಿ, ಪಠ್ಯ ಮತ್ತು ಸಮಯ ಇರಲಿ; ಬರೆದವರ ಹೆಸರನ್ನು ಅಲ್ಲಿಯೇ ಸೇರಿಸಬೇಡಿ, ಏಕೆಂದರೆ ಸದಸ್ಯರೊಬ್ಬರು ತಮ್ಮ ಹೆಸರಿನ ಕಾಗುಣಿತ ತಿದ್ದಿಕೊಂಡ ದಿನ ನೀವು ನೂರಾರು ಸಾಲು ತಿದ್ದಬೇಕಾಗುತ್ತದೆ. ವಿಷಯದ ಐಡಿಗೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಹಾಕಿ, ಪುಟಕ್ಕೆ 20 ಸಂದೇಶಗಳಂತೆ ತೋರಿಸಿ. ಉತ್ತರಕ್ಕೆ ಉತ್ತರ, ಅದಕ್ಕೂ ಮತ್ತೊಂದು ಉತ್ತರ ಎಂದು ಕವಲೊಡೆಯುವ ವ್ಯವಸ್ಥೆಯ ಗೊಡವೆಗೆ ಹೋಗಬೇಡಿ. ನಮ್ಮ ಹಿರಿಯ ಸದಸ್ಯರು ಲೆಕ್ಕದ ಪುಸ್ತಕದಂತೆ ಮೇಲಿನಿಂದ ಕೆಳಕ್ಕೆ ಓದುವವರು.

ನಾನು ಎಡವಿದ್ದು ಅಕ್ಷರದ ವಿಷಯದಲ್ಲಿ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ಮರುದಿನ ಸದಸ್ಯರೊಬ್ಬರು ತಮ್ಮ ತೋಟದಲ್ಲಿ ಒಂದು ಇಂಚು ಇಪ್ಪತ್ತು ಸೆಂಟು (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಮಳೆಯಾಯಿತೆಂದು ಬರೆದರೆ, ಪರದೆಯ ಮೇಲೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮೂಡಿತು. ಟೇಬಲ್ ಕನ್ನಡ ಅಕ್ಷರಗಳೇ ಇಲ್ಲದ ಹಳೆಯ ಲ್ಯಾಟಿನ್1 ಅಕ್ಷರಗಣದಲ್ಲಿತ್ತು. ಹಾಗೆ ಉಳಿದ ಪ್ರಶ್ನಾರ್ಥಕಗಳಿಂದ ಮೂಲ ಪಠ್ಯವನ್ನು ಮರಳಿ ಪಡೆಯಲಾಗದು. ಆದ್ದರಿಂದ ಡೇಟಾಬೇಸ್, ಟೇಬಲ್, ಪಿಎಚ್‌ಪಿಯ ಸಂಪರ್ಕ ಮೂರನ್ನೂ ಯುಟಿಎಫ್8ಎಂಬಿ4ಕ್ಕೆ (ಕನ್ನಡ, ಇಮೋಜಿ ಎಲ್ಲವನ್ನೂ ಉಳಿಸಬಲ್ಲ ಅಕ್ಷರಗಣ) ಹೊಂದಿಸಿ. ಮೈಎಸ್‌ಕ್ಯೂಎಲ್ 8.0ರಿಂದ ಈಚೆಗೆ ಇದೇ ಮೂಲ ಆಯ್ಕೆ, ಆದರೆ ಅಗ್ಗದ ಹೋಸ್ಟಿಂಗ್‌ನಲ್ಲಿ ಹಳೆಯ ಆವೃತ್ತಿ ಇದ್ದರೂ ಇರಬಹುದು.

ಮುಖಪುಟದಲ್ಲಿ ಸಂದೇಶದ ಮೊದಲ ಭಾಗವನ್ನಷ್ಟೇ ತೋರಿಸುವಾಗ ಇನ್ನೊಂದು ತೊಡಕಿದೆ. ‘ಕಾಫಿ’ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಕ, ಇಳಿ, ಫ, ಗುಡಿಸು ಎಂದು ನಾಲ್ಕು ಸಂಕೇತ, ಒಂದೊಂದಕ್ಕೆ 3 ಬೈಟ್‌ನಂತೆ ಒಟ್ಟು 12 ಬೈಟ್. ಪಠ್ಯದ ಒಂದು ಭಾಗವನ್ನು ಕತ್ತರಿಸಿ ಕೊಡುವ ಸಾಮಾನ್ಯ ಸಬ್‌ಸ್ಟ್ರಿಂಗ್ ಫಂಕ್ಷನ್ ಬೈಟ್ ಎಣಿಸುವುದರಿಂದ ಅಕ್ಷರದ ನಡುವೆಯೇ ಕತ್ತರಿ ಬೀಳುತ್ತದೆ. ಮಲ್ಟಿಬೈಟ್ ಫಂಕ್ಷನ್ ಸಂಕೇತಗಳನ್ನು ಎಣಿಸುವುದರಿಂದ ಗುಡಿಸು ಕಳಚಿ ‘ಕಾಫ’ ಉಳಿಯಬಹುದು. ಪಿಎಚ್‌ಪಿಯ ಇಂಟಲ್ (intl) ವಿಸ್ತರಣೆಯಲ್ಲಿರುವ ಗ್ರಾಫೀಮ್ ಫಂಕ್ಷನ್‌ಗಳನ್ನು ಬಳಸಿದರೆ ಹೀಗೆ ಗುಡಿಸು ಕಳಚುವ ಗೋಳಿಲ್ಲ.

ಭದ್ರತೆಯ ಕುರಿತು ನನ್ನ ಹಟ ಒಂದೇ: ಬಳಕೆದಾರರು ಬರೆದದ್ದನ್ನು ಎಸ್‌ಕ್ಯೂಎಲ್ ವಾಕ್ಯದೊಳಗೆ (ಡೇಟಾಬೇಸ್‌ಗೆ ಕೊಡುವ ಆಜ್ಞೆಯೊಳಗೆ) ನೇರವಾಗಿ ಜೋಡಿಸಲೇಬೇಡಿ, ಪಿಡಿಒದ (ಡೇಟಾಬೇಸ್ ಜೊತೆ ಮಾತಾಡುವ ಪಿಎಚ್‌ಪಿ ಸಾಧನ) ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳ (ಆಜ್ಞೆಯನ್ನೂ ಮಾಹಿತಿಯನ್ನೂ ಬೇರೆಬೇರೆಯಾಗಿ ಇಡುವ ವಿಧಾನ) ಮೂಲಕವೇ ಕಳುಹಿಸಿ. ಹಳೆಯ ಪಾಠಗಳಲ್ಲಿ ಕಾಣುವ, mysql_ ಎಂದು ಆರಂಭವಾಗುವ ಪಿಎಚ್‌ಪಿ ಫಂಕ್ಷನ್‌ಗಳನ್ನು 2015ರ ಪಿಎಚ್‌ಪಿ 7ರಲ್ಲೇ ತೆಗೆದುಹಾಕಲಾಗಿದೆ, ಅವನ್ನು ನಕಲು ಮಾಡಬೇಡಿ. ಪುಟದಲ್ಲಿ ತೋರಿಸುವಾಗ ಎಚ್‌ಟಿಎಂಎಲ್ ಚಿಹ್ನೆಗಳನ್ನು ನಿಷ್ಕ್ರಿಯಗೊಳಿಸಿ; ಪಾಸ್‌ವರ್ಡನ್ನು ಹ್ಯಾಶ್ ಮಾಡಿಯೇ (ಮರಳಿ ಓದಲಾಗದ ರೂಪಕ್ಕೆ ಬದಲಿಸಿಯೇ) ಇಡಿ.

ಸದಸ್ಯರಿಗೆ ತೆರೆಯುವ ಮುನ್ನ ನೀವೇ ‘ಕೊಟ್ಟಿಗೆಹಾರದಲ್ಲಿ ಮಳೆ’ ಎಂದು ಬರೆದು, ನಡುವೆ ಕೈಮುಗಿದ ಇಮೋಜಿ ಸೇರಿಸಿ, ಅದರ ಮುಂದೆಯೂ ನಾಲ್ಕು ಪದ ಬರೆದು ಕಳುಹಿಸಿ ನೋಡಿ. ಕನ್ನಡ ಸರಿಯಾಗಿದ್ದು ಇಮೋಜಿಯ ಬಳಿ ಪಠ್ಯ ತುಂಡಾದರೆ ಅಥವಾ ದೋಷ ಕಾಣಿಸಿದರೆ, ಎಲ್ಲೋ ಒಂದು ಕಡೆ 3 ಬೈಟ್‌ನ ಹಳೆಯ ಯುಟಿಎಫ್8 ಇನ್ನೂ ಉಳಿದಿದೆ; ಮೊದಲು ಸಂಪರ್ಕದ ಸಾಲನ್ನು ಪರೀಕ್ಷಿಸಿ.