ಆರ್‌ಪಿಎಂ ಮುಳ್ಳು ಕಂಡರೆ ಯಾಕಿಷ್ಟು ಹೆದರಿಕೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಗೇರಿನ ಬಗ್ಗೆಯೇ. ಯಾವ ವೇಗಕ್ಕೆ ಯಾವ ಗೇರ್ ಅಂತ ಒಂದು ಪಟ್ಟಿ ಮಾಡಿಕೊಡಿ ಅಂದವರೇ ಜಾಸ್ತಿ. ಪಟ್ಟಿ ಕೊಡುವುದಿಲ್ಲ. ಅಂಥ ಪಟ್ಟಿ ಬಾಯಿಪಾಠ ಮಾಡಿದವರ ಗಾಡಿಯೇ ಏರಿನಲ್ಲಿ ಗಡಗಡ ಅನ್ನುವುದು. ಕ್ಲಚ್ ಹೇಗೆ ಬಿಡುವುದು, ಗೇರ್ ಹೇಗೆ ಹಾಕುವುದು ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ. ಆರ್‌ಪಿಎಂ ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ, ಅಷ್ಟೇ.

ಪ್ರಶ್ನೆ: ನನ್ನದು ಐದು ಗೇರಿನ ಪೆಟ್ರೋಲ್ ಕಾರು. ವೇಗ 40 ದಾಟಿದ ಕೂಡಲೇ ಟಾಪ್ ಗೇರಿಗೆ ಹಾಕುತ್ತೇನೆ. ಆರ್‌ಪಿಎಂ 1500 ದಾಟದ ಹಾಗೆ ನೋಡಿಕೊಳ್ಳುತ್ತೇನೆ. ಕಲಿಸಿದವರು ಹಾಗೇ ಹೇಳಿದ್ದು. ಸಣ್ಣ ಏರು ಬಂದರೂ ಗಾಡಿ ಅದುರುತ್ತೆ, ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಳೆಯಲ್ಲ. ಮೆಕ್ಯಾನಿಕ್ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕ್ಲೀನ್ ಮಾಡಿಸಿ, ಕ್ಲಚ್ ಬದಲಿಸಿ ಅಂತಿದ್ದಾರೆ. ಮೈಲೇಜೂ ಅಷ್ಟಕ್ಕಷ್ಟೇ. ಏನು ಮಾಡಲಿ?

ಮೊದಲು ಕ್ಲಚ್ ಬಿಚ್ಚಲು ಬಿಡಬೇಡಿ. ಕ್ಲಚ್ ಸವೆದಿದ್ದರೆ ಎಂಜಿನ್ ರೊಂಯ್ ಅಂತ ಏರುತ್ತದೆ, ಗಾಡಿ ಮಾತ್ರ ಏರುವುದಿಲ್ಲ. ನಿಮ್ಮಲ್ಲಿ ಎಂಜಿನ್ನೇ ಏರುತ್ತಿಲ್ಲ. ಇದು ತದ್ವಿರುದ್ಧ ಲಕ್ಷಣ. ಇದನ್ನು ನೋಡಿಯೂ ಕ್ಲಚ್ ಬದಲಿಸಿ ಅನ್ನುವವರಿಗೆ ಒಂದೋ ಕೆಲಸ ಗೊತ್ತಿಲ್ಲ, ಇಲ್ಲವೇ ಚೆನ್ನಾಗಿಯೇ ಗೊತ್ತಿದೆ.

ನಾಳೆ ಅದೇ ಏರಿಗೆ ಹೋಗಿ. ಏರು ಶುರುವಾಗುವ ಮೊದಲೇ ಮೂರನೇ ಗೇರಿಗೆ ಇಳಿಸಿ. ಗಾಡಿ ಸಲೀಸಾಗಿ ಹತ್ತಿದರೆ ಅದಕ್ಕೆ ಯಾವ ರೋಗವೂ ಇಲ್ಲ, ಓಡಿಸುವ ರೂಢಿ ಸರಿಯಿಲ್ಲ ಅಷ್ಟೇ. ಆಗಲೂ ಎಳೆಯದಿದ್ದರೆ ಮಾತ್ರ ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಇಂಜೆಕ್ಟರ್ ಅಂತ ಹುಡುಕಲು ಹೊರಡಿ.

ಈಗ ಕಾರಣಕ್ಕೆ ಬರೋಣ. ಎಂಜಿನ್ ಕೆಲಸವನ್ನು ಬಾವಿಯಿಂದ ನೀರು ಸೇದುವುದಕ್ಕೆ ಹೋಲಿಸಬಹುದು. ಒಂದು ಸುತ್ತಿಗೆ ಒಂದು ಕೊಡ ನೀರು ಅಂದುಕೊಳ್ಳಿ. ಕೊಡದ ಗಾತ್ರ ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ. ನಿಮಿಷಕ್ಕೆ ಎಷ್ಟು ಕೊಡ ಅನ್ನುವುದು ಆರ್‌ಪಿಎಂ. ಎರಡನ್ನೂ ಗುಣಿಸಿದರೆ ಬರುವ ಒಟ್ಟು ನೀರು ಪವರ್. ಕೊಡ ಒಂದು ಮಟ್ಟಕ್ಕಿಂತ ದೊಡ್ಡದಾಗುವುದಿಲ್ಲ. ಆಕ್ಸಿಲರೇಟರ್ ನೆಲಕ್ಕೆ ತಾಗಿಸಿದಾಗ ನೀವು ಕೊಡವನ್ನು ತುಂಬಿಸಿ ಆಗಿರುತ್ತದೆ. ಇನ್ನೂ ನೀರು ಬೇಕು ಅಂದರೆ ಬೇಗ ಬೇಗ ಸೇದಬೇಕು. ಗೇರ್ ಇಳಿಸುವುದು ಅಂದರೆ ಇದೇ.

ಲೆಕ್ಕ ಹಾಕಿಯೇ ನೋಡಿ. ಸಾಮಾನ್ಯ ಸಣ್ಣ ಪೆಟ್ರೋಲ್ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದೆ. ಐದನೇ ಗೇರಿನಲ್ಲಿ ಎಂಜಿನ್ ಸುಮಾರು 1600 ಸುತ್ತುತ್ತಿರುತ್ತದೆ. ಅದೇ ವೇಗಕ್ಕೆ ಮೂರನೇ ಗೇರಿನಲ್ಲಿ 2800ರ ಆಸುಪಾಸು. ಎರಡೂ ಕಡೆ 100 ನ್ಯೂಟನ್ ಮೀಟರ್ ಟಾರ್ಕ್ ಸಿಗುತ್ತದೆ ಅಂದುಕೊಂಡರೆ, ಐದನೆಯದರಲ್ಲಿ ನಿಮ್ಮ ಕೈಗೆ ಬರುವುದು ಸುಮಾರು 22 ಹಾರ್ಸ್‌ಪವರ್. ಮೂರನೆಯದರಲ್ಲಿ 39. ಗಾಡಿ ಅದೇ, ವೇಗ ಅದೇ, ಎಂಜಿನ್ ಅದೇ. ಐದನೇ ಗೇರಿನಲ್ಲಿ ಲಾರಿ ಹಿಂದಿಕ್ಕಲು ಹೋಗಿ, ಎದುರು ಗಾಡಿ ಕಂಡು ಎದೆ ಝಲ್ಲೆಂದವರೆಲ್ಲ ಈ 17 ಹಾರ್ಸ್‌ಪವರನ್ನು ಪೆಟ್ಟಿಗೆಯಲ್ಲೇ ಬಿಟ್ಟು ಹೊರಟವರು. ಓವರ್‌ಟೇಕ್ ಮಾಡುವುದಿದ್ದರೆ ಐದರಿಂದ ನೇರ ಮೂರಕ್ಕೆ ಬನ್ನಿ. ನಡುವೆ ನಾಲ್ಕಕ್ಕೆ ನಮಸ್ಕಾರ ಹೇಳಿ ಬರಬೇಕು ಅನ್ನುವ ಶಾಸ್ತ್ರವೇನೂ ಇಲ್ಲ. ಬಲಗಾಲು ಒತ್ತಿ, ಗಾಡಿ ಹೋಗುತ್ತಿಲ್ಲ ಅಂತ ಗೊತ್ತಾದ ಮೇಲೆ ಗೇರ್ ಇಳಿಸುವುದಲ್ಲ. ಮೊದಲೇ ಇಳಿಸಿ, ಎಂಜಿನ್ ತಯಾರಿದೆ ಅನ್ನಿಸಿದ ಮೇಲೆ ಪಕ್ಕಕ್ಕೆ ತೆಗೆಯಿರಿ.

ಕಡಿಮೆ ಆರ್‌ಪಿಎಂ ಇದ್ದರೆ ಎಂಜಿನ್ನಿಗೆ ಆರಾಮ ಅನ್ನುವ ನಂಬಿಕೆ ಎಲ್ಲಿಂದ ಬಂತೋ, ಅದನ್ನು ಬಿಡಿಸುವುದರಲ್ಲೇ ನನಗೆ ಸಾಕಾಗಿದೆ. ನಾಲ್ಕು ಸಿಲಿಂಡರಿನ ಎಂಜಿನ್ 1200 ಸುತ್ತಿನಲ್ಲಿ ಸೆಕೆಂಡಿಗೆ 40 ಸಲ ಉರಿಯುತ್ತದೆ. 3000 ಸುತ್ತಿನಲ್ಲಿ 100 ಸಲ. ಅದೇ ಭಾರವನ್ನು ಅದೇ ವೇಗದಲ್ಲಿ ಏರಿಸಲು ಮೊದಲನೆಯದರಲ್ಲಿ ಒಂದೊಂದು ಹೊಡೆತವೂ ಜೋರಾಗಿರಬೇಕು, ಹೊಡೆತಗಳ ನಡುವಿನ ಬಿಡುವೂ ದೊಡ್ಡದು. ಅದಕ್ಕೇ ಗಾಡಿ ಅದುರುವುದು. ಗೇರ್ ಗುಂಡಿ ಹಿಡಿದ ಅಂಗೈ ಜುಮ್ ಅನ್ನುತ್ತದೆ. ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಡಿಯ ನಂಬರ್ ಪ್ಲೇಟು ಮಸುಕಾಗುತ್ತದೆ. ಡ್ಯಾಶ್‌ಬೋರ್ಡಿನ ಯಾವುದೋ ಮೂಲೆಯಿಂದ ಪ್ಲಾಸ್ಟಿಕ್ ಚಿರಚಿರ ಅನ್ನುತ್ತದೆ. ಹಾಡು ಜೋರಾಗಿಟ್ಟರೆ ಇದು ಕೇಳುವುದಿಲ್ಲ, ಅದು ಬೇರೆ ಮಾತು.

ಒಳಗೆ ಇನ್ನೂ ಕೆಟ್ಟದ್ದು ನಡೆಯುತ್ತಿರುತ್ತದೆ. ಪಿಸ್ಟನ್ ನಿಧಾನಕ್ಕೆ ಚಲಿಸುವುದರಿಂದ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒತ್ತಡ, ಬಿಸಿಗಳ ನಡುವೆ ಜಾಸ್ತಿ ಹೊತ್ತು ಸಿಕ್ಕಿಬೀಳುತ್ತದೆ. ಜ್ವಾಲೆ ಬರುವ ಮೊದಲೇ ಒಂದು ಮೂಲೆಯಲ್ಲಿ ತಾನಾಗಿ ಹೊತ್ತಿಕೊಳ್ಳುತ್ತದೆ. ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದ ಹಾಗೆ ಕೇಳುವ ಆ ಸದ್ದೇ ನಾಕಿಂಗ್. ಈಗಿನ ಕಾರುಗಳಲ್ಲಿ ಇದನ್ನು ಗುರುತಿಸುವ ಸೆನ್ಸರ್ ಇದೆ. ಅದು ಸ್ಪಾರ್ಕನ್ನು ತಡ ಮಾಡಿಸಿ ಎಂಜಿನ್ನನ್ನು ಕಾಪಾಡುತ್ತದೆ. ಆದರೆ ಸ್ಪಾರ್ಕ್ ತಡವಾದಷ್ಟೂ ಎಳೆತ ಇಳಿಯುತ್ತದೆ, ಪೆಟ್ರೋಲ್ ಖರ್ಚು ಏರುತ್ತದೆ. ನಿಮ್ಮ ಮೈಲೇಜ್ ಯಾಕೆ ಅಷ್ಟಕ್ಕಷ್ಟೇ ಅಂತ ಗೊತ್ತಾಯಿತಲ್ಲ?

ಇನ್ನು ಬೇರಿಂಗ್. ಪಿಸ್ಟನ್ನಿನ ಹೊಡೆತವನ್ನು ಸುತ್ತಾಗಿಸುವ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ಬೇರಿಂಗಿನೊಳಗೆ ಆಯಿಲಿನ ತೆಳು ಪದರದ ಮೇಲೆ ತೇಲುತ್ತಿರುತ್ತದೆ. ಆ ಪದರ ನಿಲ್ಲುವುದು ಶಾಫ್ಟಿನ ವೇಗದಿಂದ. ವೇಗ ಕಡಿಮೆ, ಹೊಡೆತ ಜೋರು ಅಂದರೆ ಪದರ ತೆಳ್ಳಗಾಗುತ್ತದೆ. ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು) ಇರುವ, ಸಿಲಿಂಡರಿಗೆ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಸಣ್ಣ ಎಂಜಿನ್ನುಗಳಿಗೆ ಅಪಾಯ ಇನ್ನೂ ಹೆಚ್ಚು. ಕೆಳಗಿನ ಆರ್‌ಪಿಎಂನಲ್ಲಿ ಭಾರ ಹೇರಿದಾಗ ಸ್ಪಾರ್ಕ್ ಬರುವ ಮೊದಲೇ ಮಿಶ್ರಣ ಸಿಡಿಯಬಹುದು. ಇದು ಜೋರಾದರೆ ಪಿಸ್ಟನ್ನೇ ಒಡೆಯುತ್ತದೆ. ಈ ಕಾಟಕ್ಕೆಂದೇ ಎಂಜಿನ್ ಆಯಿಲಿನ ಸೂತ್ರ ಬದಲಿಸಿ ಹೊಸ ದರ್ಜೆ ತರಬೇಕಾಯಿತು. ಹಾಗಾಗಿ ಟರ್ಬೊ ಪೆಟ್ರೋಲ್ ಇಟ್ಟುಕೊಂಡವರು ಕಂಪನಿ ಹೇಳಿದ ಆಯಿಲನ್ನೇ ಹಾಕಿಸಿ. ‘ಇದೂ ಅದೇ ಸಾರ್’ ಅಂತ ಬೇರೆ ಡಬ್ಬ ಸುರಿಯಲು ಬಿಡಬೇಡಿ.

ಹಾಗಾದರೆ ಕಲಿಸಿದವರು ಸುಳ್ಳು ಹೇಳಿದರಾ? ಅರ್ಧ ಸರಿ ಹೇಳಿದರು. ಸಮತಟ್ಟು ರಸ್ತೆ, ಒಂದೇ ವೇಗ, ಪೆಡಲ್ ಮೇಲೆ ಹಗುರ ಕಾಲು, ಇಷ್ಟಿದ್ದರೆ ಟಾಪ್ ಗೇರ್ ಕಡಿಮೆ ಆರ್‌ಪಿಎಂ ಒಳ್ಳೆಯದೇ. ಪೆಟ್ರೋಲ್ ಎಂಜಿನ್ನಿನ ಗಾಳಿಬಾಗಿಲು ಮುಕ್ಕಾಲು ಮುಚ್ಚಿದ್ದಾಗ ಗಾಳಿ ಎಳೆದುಕೊಳ್ಳಲಿಕ್ಕೇ ಅದು ಶ್ರಮ ಪಡುತ್ತದೆ. ಮೇಲಿನ ಗೇರಿನಲ್ಲಿ ಬಾಗಿಲು ಇನ್ನಷ್ಟು ತೆರೆಯುತ್ತದೆ, ಒಳಗಿನ ತಿಕ್ಕಾಟವೂ ತಗ್ಗುತ್ತದೆ, ಎಣ್ಣೆ ಉಳಿಯುತ್ತದೆ. ಆದರೆ ಏರು ಬಂತು, ಐದು ಜನ ಕೂತರು, ಡಿಕ್ಕಿ ತುಂಬಿತು, ಎಸಿ ಹಾಕಿದಿರಿ ಅಂದ ಮೇಲೂ ಅದೇ ನಿಯಮ ಹಿಡಿದುಕೊಂಡು ಕೂತರೆ ನಡೆಯುವುದಿಲ್ಲ. ಗೇರನ್ನು ವೇಗ ನೋಡಿ ಹಾಕಬೇಡಿ, ಮುಂದೆ ಎಂಜಿನ್ನಿನಿಂದ ಏನು ಕೆಲಸ ತೆಗೆಯಬೇಕು ಅಂತ ನೋಡಿ ಹಾಕಿ.

ಒಂದು ಗುರುತು ಸಾಕು. ಪೆಡಲ್ ಅರ್ಧಕ್ಕಿಂತ ಜಾಸ್ತಿ ಒತ್ತಿಯೂ ವೇಗ ಏರದಿದ್ದರೆ ಒಂದು ಗೇರ್ ಇಳಿಸಿ. ಟರ್ಬೊ ಇಲ್ಲದ ಸಾಮಾನ್ಯ ಪೆಟ್ರೋಲ್ ಕಾರಾದರೆ ಸಮತಟ್ಟಿನಲ್ಲಿ 1500ರಿಂದ 2500, ಏರಿನಲ್ಲೋ ಓವರ್‌ಟೇಕಿನಲ್ಲೋ 3000, 4000 ಹೋದರೆ ಏನೂ ಆಗುವುದಿಲ್ಲ. ಕೆಂಪು ಗೆರೆ ಇರುವುದೇ 6000ದ ಆಚೀಚೆ. ಡೀಸೆಲ್ ಕಾರಿನ ಎಳೆತ ಸಾಮಾನ್ಯವಾಗಿ 1750ರಿಂದ 2500ರ ಒಳಗೆ. 4000 ದಾಟಿಸಿದರೆ ಸದ್ದು ಜಾಸ್ತಿ, ಲಾಭ ಕಡಿಮೆ. ‘ಡೀಸೆಲ್ ಅಲ್ವಾ, ಎಷ್ಟು ಕೆಳಗಿದ್ದರೂ ಎಳೆಯುತ್ತೆ’ ಅನ್ನುವವರು ಟರ್ಬೊ ಬರುವ ಮೊದಲಿನ ಕಾಲದಲ್ಲಿದ್ದಾರೆ. 1500ರ ಕೆಳಗೆ ಟರ್ಬೊ ಇನ್ನೂ ಕಣ್ಣೇ ಬಿಟ್ಟಿರುವುದಿಲ್ಲ.

ನಾನಂತೂ ಗಾಡಿ ತುಂಬ ಜನ ಇದ್ದರೆ 60ರ ಕೆಳಗೆ ಐದನೇ ಗೇರ್ ಮುಟ್ಟುವುದೇ ಇಲ್ಲ. ಅತಿ ಜಾಗ್ರತೆ ಅಂತ ನಗುವವರಿದ್ದಾರೆ, ನಗಲಿ.

ಪ್ರಶ್ನೆ: ಮೀಟರ್ ಪಕ್ಕದ ಬಾಣ ಗೇರ್ ಏರಿಸು ಅಂತ ತೋರಿಸುತ್ತದೆ. ಏರಿಸಲೇ ಬೇಕಾ?

ಬೇಡ. ಅದನ್ನು ಇಟ್ಟಿರುವುದು ಎಣ್ಣೆ ಉಳಿಸಲಿಕ್ಕೆ. ಮುಂದಿನ ತಿರುವು, ಪಕ್ಕದ ಲಾರಿ ನಿಮಗೆ ಕಾಣುತ್ತದೆ, ಬಾಣಕ್ಕೆ ಕಾಣುವುದಿಲ್ಲ.

ಪ್ರಶ್ನೆ: ಬೆಳಿಗ್ಗೆ ಸ್ಟಾರ್ಟ್ ಮಾಡಿ ಐದು ನಿಮಿಷ ನಿಲ್ಲಿಸಿ, ಆಮೇಲೆ ರೇಸ್ ಕೊಟ್ಟು ಬಿಸಿ ಮಾಡುತ್ತೇನೆ. ಸರಿ ತಾನೇ?

ತಪ್ಪು, ಅದರಲ್ಲೂ ತಣ್ಣಗಿನ ಎಂಜಿನ್ನಿಗೆ ರೇಸ್ ಕೊಡುವುದು ದೊಡ್ಡ ತಪ್ಪು. ಸೀಟ್ ಬೆಲ್ಟ್ ಹಾಕಿಕೊಳ್ಳುವಷ್ಟು ಹೊತ್ತು ಸಾಕು, ಹೊರಡಿ. ಬಿಸಿಯಾಗುವ ತನಕ 2500 ದಾಟಿಸಬೇಡಿ.

ಪ್ರಶ್ನೆ: ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತೆ, ಎರಡನೇ ಗೇರಿನಲ್ಲಿ ಇಳಿದರೆ ಆರ್‌ಪಿಎಂ 3500 ಹೋಗಿ ಪೆಟ್ರೋಲ್ ಸುರಿಯುತ್ತೆ ಅಂತ ಅಣ್ಣ ಹೇಳುತ್ತಾನೆ. ನಿಜವಾ?

ನಿಮ್ಮ ಅಣ್ಣನಿಗೆ ಇದನ್ನು ಓದಿಸಿ. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದರೆ ಈಗಿನ ಕಾರುಗಳು ಇಂಜೆಕ್ಟರನ್ನೇ ಮುಚ್ಚಿಬಿಡುತ್ತವೆ. ಆಗ ಎಂಜಿನ್ನನ್ನು ತಿರುಗಿಸುತ್ತಿರುವುದು ಚಕ್ರಗಳು. ಮುಳ್ಳು 3500 ತೋರಿಸಿದರೂ ಖರ್ಚಾಗುವ ಪೆಟ್ರೋಲ್ ಸೊನ್ನೆ. ನ್ಯೂಟ್ರಲ್ ಮಾಡಿದಿರೋ, ಎಂಜಿನ್ ಆರದ ಹಾಗೆ ಉಳಿಯಲು ಪೆಟ್ರೋಲ್ ಕುಡಿಯಲೇಬೇಕು. ಅಂದರೆ ಉಳಿಸುತ್ತೇನೆ ಅಂತ ಹೊರಟವರೇ ಸುಡುತ್ತಿರುವುದು.

ಪೆಟ್ರೋಲಿನ ಮಾತು ಹಾಗಿರಲಿ, ಜೀವದ ಮಾತು ಕೇಳಿ. ನ್ಯೂಟ್ರಲ್‌ನಲ್ಲಿ ಇಡೀ ಗಾಡಿಯ ಭಾರ ತಡೆಯುವ ಕೆಲಸ ಬ್ರೇಕಿನ ಮೇಲೆ ಬೀಳುತ್ತದೆ. ಉದ್ದ ಇಳಿಜಾರಿನಲ್ಲಿ ಒತ್ತಿಕೊಂಡೇ ಇದ್ದರೆ ಡಿಸ್ಕು, ಪ್ಯಾಡು ಕಾದು ಹಿಡಿತ ತಪ್ಪುತ್ತದೆ. ಬ್ರೇಕ್ ಆಯಿಲಿಗೂ ಕುದಿಯುವ ಮಟ್ಟ ಇದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತಡೆಯಬೇಕು. ವರ್ಷಗಟ್ಟಲೆ ತೇವ ಹೀರಿಕೊಂಡ ಮೇಲೆ ಅದರ ಲೆಕ್ಕ 140ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ, ಪೆಡಲ್ ಮೆತ್ತಗೆ ಕೆಳಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎಂಜಿನ್ ಆಫ್ ಮಾಡಿ ಇಳಿಯುವ ಬುದ್ಧಿವಂತರೂ ಇದ್ದಾರೆ. ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಬೂಸ್ಟರಿನ ಸಹಾಯ ಮುಗಿದು ಪೆಡಲ್ ಕಲ್ಲಾಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ. ಇವರ ಜೊತೆ ನಾನು ಕಾರು ಹತ್ತುವುದಿಲ್ಲ.

ಇಳಿಯುವ ಮೊದಲೇ ಎರಡೋ ಮೂರೋ ಗೇರಿಗೆ ಬನ್ನಿ. ವೇಗ ಏರುತ್ತಲೇ ಹೋದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ವೇಗ ತಗ್ಗಿಸಿ, ಬಿಡಿ. ಸುಮ್ನೆ ಕಾಲು ಇಟ್ಟುಕೊಂಡೇ ಇರಬೇಡಿ. ಆಟೊಮ್ಯಾಟಿಕ್ ಗಾಡಿಯವರಿಗೆ ಎಲ್, 2 ಅಥವಾ ಮ್ಯಾನ್ಯುಯಲ್ ಮೋಡ್ ಕೊಟ್ಟಿರುವುದು ಇದಕ್ಕೇ.

ಪ್ರಶ್ನೆ: ಆರ್‌ಪಿಎಂ ಮಿತಿ ಮೀರದ ಹಾಗೆ ತಡೆಯುವ ರೆವ್ ಲಿಮಿಟರ್ ಎಂಜಿನ್ನಿಗೆ ಇದೆಯಲ್ಲ, ಯಾವ ಗೇರ್ ಹಾಕಿದರೂ ಅದು ಕಾಪಾಡುತ್ತದೆ ಅಲ್ವಾ?

ಗೇರ್ ಏರಿಸುತ್ತಾ ಹೋಗುವಾಗ ಎಂಜಿನ್ನಿಗೆ ಪೆಟ್ರೋಲ್ ನಿಲ್ಲಿಸಿ ಕಾಪಾಡುತ್ತದೆ. ಗೇರ್ ಇಳಿಸುವಾಗ ಇಲ್ಲ. 100ರ ವೇಗದಲ್ಲಿ ನಾಲ್ಕು ಅಂದುಕೊಂಡು ಎರಡಕ್ಕೆ ತಳ್ಳಿ ಕ್ಲಚ್ ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು 7000ಕ್ಕೆ ಎಳೆದೊಯ್ಯುತ್ತವೆ. ಆಗ ಕಂಪ್ಯೂಟರ್ ನೋಡುತ್ತಾ ಕೂರಬೇಕಷ್ಟೇ. ವಾಲ್ವ್ ಪಿಸ್ಟನ್ನಿಗೆ ಬಡಿದರೆ ಎಂಜಿನ್ ಬಿಚ್ಚುವುದೇ ಗತಿ.

ಪ್ರಶ್ನೆ: ಡ್ಯಾಶ್‌ಬೋರ್ಡ್ ಕೆಳಗಿನ ಸಾಕೆಟ್ಟಿಗೆ ಚುಚ್ಚುವ ಮೈಲೇಜ್ ಚಿಪ್ಪು, ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ ಕೆಲಸ ಮಾಡುತ್ತಾ?

ಮಾಡುತ್ತದೆ, ಮಾರುವವರಿಗೆ.

ಪ್ರಶ್ನೆ: ಸಿವಿಟಿ ಆಟೊಮ್ಯಾಟಿಕ್ ತಗೊಂಡೆ. ಜೋರಾಗಿ ಒತ್ತಿದರೆ ಆರ್‌ಪಿಎಂ ಒಮ್ಮೆಲೇ ಮೇಲೇರಿ ಅಲ್ಲೇ ನಿಲ್ಲುತ್ತೆ, ವೇಗ ಆಮೇಲೆ ನಿಧಾನಕ್ಕೆ ಏರುತ್ತೆ. ಗೇರ್‌ಬಾಕ್ಸ್ ಹೋಯ್ತಾ?

ಹೋಗಿಲ್ಲ. ಸಿವಿಟಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೇರ್ ಇರುವುದಿಲ್ಲ. ಪವರ್ ಸಿಗುವ ಆರ್‌ಪಿಎಂಗೆ ಎಂಜಿನ್ನನ್ನು ತಂದು ನಿಲ್ಲಿಸಿ, ಅನುಪಾತವನ್ನು ಬದಲಿಸುತ್ತಾ ಹೋಗುತ್ತದೆ. ಮೇಲೆ ಅಷ್ಟುದ್ದ ಬರೆದ ಕೆಲಸವನ್ನು ಅದು ನಿಮ್ಮ ಬದಲಿಗೆ ಮಾಡುತ್ತಿದೆ. ಹಗುರವಾಗಿ ಓಡಿಸುವಾಗಲೂ ಹಾಗೇ ಕೂಗಿದರೆ, ಅಥವಾ ಎಳೆಯುವಾಗ ಜರ್ಕ್ ಹೊಡೆದರೆ ತೋರಿಸಿ.

ಪ್ರಶ್ನೆ: ಒಂದು ಕೈ ಯಾವಾಗಲೂ ಗೇರ್ ಮೇಲೆ ಇಟ್ಟುಕೊಂಡರೆ ಬೇಗ ಬದಲಿಸಬಹುದು ಅಲ್ವಾ?

ಕೈಯ ಭಾರಕ್ಕೆ ಒಳಗೆ ಗೇರ್ ಸರಿಸುವ ಫೋರ್ಕ್ ತಿರುಗುವ ಭಾಗಕ್ಕೆ ತಾಗಿ ಸವೆಯುತ್ತದೆ. ಕೈ ಸ್ಟೀರಿಂಗ್ ಮೇಲಿರಲಿ. ಕ್ಲಚ್ ಪೆಡಲ್ ಮೇಲೆ ಕಾಲಿಟ್ಟುಕೊಂಡು ಓಡಿಸುವವರೂ ಇದೇ ಉತ್ತರ ಓದಿಕೊಳ್ಳಿ, ನಿಮಗೆ ಬೇರೆ ಬರೆಯುವುದಿಲ್ಲ.