ರೆಫರಲ್ ಪತ್ರಕ್ಕೆ ಆಶಾ ಕಾರ್ಯಕರ್ತೆಯ ಮಾತು ಕೇಳಬೇಕೆ?

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕು. ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಇರುವ ನನ್ನ ತಾಯಿಗೆ ಹೃದಯದ ಚಿಕಿತ್ಸೆ ಬೇಕಾಗಬಹುದು ಎಂದು ವೈದ್ಯರು ಹೇಳಿದ್ದಾರೆ. ನೇರವಾಗಿ ಕಲಬುರಗಿಯ ಖಾಸಗಿ ಆಸ್ಪತ್ರೆಗೆ ಹೊರಟಾಗ, ಊರಿನ ಆಶಾ ಕಾರ್ಯಕರ್ತೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಪಡೆಯಿರಿ ಎಂದರು. ವೈದ್ಯರಲ್ಲದವರ ಮಾತಿಗೆ ಎಷ್ಟು ಬೆಲೆ ಕೊಡಬೇಕು?

ಉತ್ತರ: ಈ ವಿಷಯದಲ್ಲಿ ಅವರು ಹೇಳಿದ್ದು ಸರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದ್ದರೂ, ಬೇಕಾದ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗದಿದ್ದಾಗ ಅಲ್ಲಿನ ವೈದ್ಯರು ಬರೆದುಕೊಟ್ಟ ಪತ್ರದೊಂದಿಗೇ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕೆಂಬುದು ನಿಯಮ. ಹೃದಯದ ಕಾಯಿಲೆಗಾದರೆ ಕಲಬುರಗಿಯಲ್ಲೇ ಸರ್ಕಾರದ ಜಯದೇವ ಸಂಸ್ಥೆಯ ಆಸ್ಪತ್ರೆಯಿದೆ. ಮೊದಲು ಅಲ್ಲಿ ವಿಚಾರಿಸಿ. ತುರ್ತು ಚಿಕಿತ್ಸೆಗೆ ಈ ಪತ್ರ ಬೇಕಿಲ್ಲ, ಆದ್ದರಿಂದ ತಾಯಿಗೆ ಎದೆನೋವು ಕಾಣಿಸಿಕೊಂಡರೆ ಕಾಯದೆ 108ಕ್ಕೆ ಕರೆ ಮಾಡಿ.

ಆಶಾ ಕಾರ್ಯಕರ್ತೆ ರೆಫರಲ್ ಬರೆಯುವಂತಿಲ್ಲ, ಮಾತ್ರೆಯ ಪ್ರಮಾಣವನ್ನೂ ಬದಲಿಸುವಂತಿಲ್ಲ. ಸುಮಾರು ಸಾವಿರ ಜನರಿಗೆ ಒಬ್ಬರಂತೆ 2005ರ ಗ್ರಾಮೀಣ ಆರೋಗ್ಯ ಅಭಿಯಾನದಡಿ ಬಂದ ಇವರ ಕೆಲಸ ಮೊದಲು ಹೆಚ್ಚಾಗಿ ಬಾಣಂತಿಯರು ಮತ್ತು ಲಸಿಕೆಯ ಸುತ್ತಲೇ ಇತ್ತು. ಈಗ 30 ದಾಟಿದ ಪ್ರತಿಯೊಬ್ಬರ ಮನೆಗೂ ಸಕ್ಕರೆ ಕಾಯಿಲೆ, ಬಿ.ಪಿ.ಯಂಥ ಕಾಯಿಲೆಗಳ ಅಪಾಯವನ್ನು ಅಂಕದಲ್ಲಿ ಅಳೆಯುವ ಒಂದು ನಮೂನೆ ಹಿಡಿದು ಬರುತ್ತಾರೆ. ತಂಬಾಕು, ಮದ್ಯ, ದೈಹಿಕ ಶ್ರಮ, ಮನೆತನದ ಕಾಯಿಲೆಗಳನ್ನು ಕೇಳಿ, ಟೇಪಿನಿಂದ ಸೊಂಟದ ಸುತ್ತಳತೆ ಅಳೆಯುತ್ತಾರೆ. ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದರೆ ಅಂಕ ಏರುತ್ತದೆ. ಒಟ್ಟು ಅಂಕ 4ಕ್ಕಿಂತ ಹೆಚ್ಚಾದವರನ್ನು ತಪಾಸಣೆಗೆ ಆದ್ಯತೆಯ ಮೇಲೆ ಕಳಿಸಬೇಕು. ಅಂಕ ಕಡಿಮೆ ಬಂದವರಿಗೂ ತಪಾಸಣೆ ತಪ್ಪುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಇವರ ಹೆಚ್ಚಿನ ಉಪಯೋಗ ಇರುವುದು ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ. ಯೋಜನೆ ಆಸ್ಪತ್ರೆಗೆ ದಾಖಲಾದಾಗಿನ ಖರ್ಚು ಕೊಡುತ್ತದೆ. ಮೂರು ತಿಂಗಳ ನಂತರ ಬಿ.ಪಿ. ಮಾತ್ರೆ ನಿಂತಿತೇ ಎಂದು ನೋಡುವುದಿಲ್ಲ. ನಮ್ಮ ಭಾಗದಲ್ಲಿ ಸುಗ್ಗಿ ಮುಗಿದೊಡನೆ ಎಷ್ಟೋ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಗಳಿಗೆ ಗುಳೆ ಹೋಗುತ್ತವೆ, ಉಪಕೇಂದ್ರದಿಂದ ತಂದ ಮಾತ್ರೆ ಅಲ್ಲಿ ಮುಗಿದರೆ ಮತ್ತೆ ಕೊಳ್ಳುವವರು ಕಡಿಮೆ. ಯಾರ ಮನೆಗೆ ಬೀಗ ಬೀಳಲಿದೆ ಎಂಬುದು ದೂರದ ತಜ್ಞರಿಗೆ ಗೊತ್ತಾಗುವುದಿಲ್ಲ, ಅದೇ ಓಣಿಯ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಹೊರಡುವ ಮುನ್ನವೇ ಆಕೆ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗೆ ತಿಳಿಸಿದರೆ, ಹೆಚ್ಚಿನ ದಿನಗಳ ಮಾತ್ರೆ ಕೊಡಲು ಸಾಧ್ಯವೇ ಎಂದು ಅವರು ವೈದ್ಯಾಧಿಕಾರಿಯನ್ನು ಕೇಳಬಹುದು. (ಆಶಾ ಕಾರ್ಯಕರ್ತೆಯರಿಗೆ ಸರ್ಕಾರಿ ನೌಕರರಂತೆ ಸಂಬಳವಿಲ್ಲ, ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ಮಾತ್ರ. ಭರ್ತಿಯಾದ ನಮೂನೆ ಎಣಿಸುವುದು ಸುಲಭ, ಇಂಥ ಮಾತುಕತೆಯನ್ನು ಎಣಿಸುವವರಿಲ್ಲ.)

ಪತ್ರ ಪಡೆಯಲು ಹೋಗುವಾಗ ಪಡಿತರ ಚೀಟಿ, ಆಧಾರ್ ಮತ್ತು ಹಳೆಯ ವರದಿಗಳನ್ನು ಒಯ್ಯಿರಿ. ದಾಖಲಾಗುವ ಆಸ್ಪತ್ರೆಯಲ್ಲಿ ಮೊದಲು ಆರೋಗ್ಯ ಮಿತ್ರರನ್ನು (ಈ ಯೋಜನೆಯ ವಿಷಯದಲ್ಲಿ ರೋಗಿಗಳಿಗೆ ನೆರವಾಗುವ ಸಿಬ್ಬಂದಿ) ಕಂಡು, ಹಣ ಕಟ್ಟುವ ಮುನ್ನವೇ ಯೋಜನೆಯಡಿ ಅನುಮೋದನೆ ಸಿಗುವುದೇ ಎಂದು ಕೇಳಿ. ಬಿಡುಗಡೆಯಾದ ವಾರದೊಳಗೆ ಡಿಸ್‌ಚಾರ್ಜ್ ಚೀಟಿಯ ಪ್ರತಿಯನ್ನು ಆಶಾ ಕಾರ್ಯಕರ್ತೆಗೆ ಕೊಟ್ಟು, ಮುಂದಿನ ತಪಾಸಣೆಯ ದಿನಾಂಕವನ್ನು ಅವರ ಪುಸ್ತಕದಲ್ಲಿ ಬರೆಸಿರಿ.